ಲೇಹ್‌ನಲ್ಲಿ ಕಾಂಕ್ರೀಟಿಗೆ ನೀರು ಹೊಡೆದ ಚಳಿಗಾಲ

ಶಿವಾಜಿನಗರದ ಹಾರ್ಡ್‌ವೇರ್ ಅಂಗಡಿಗಳ ಸಾಲಿನಲ್ಲಿ ಸಂಜೆ ಹೊತ್ತಿಗೆ ಲೋಬಾನ ಹಾಕುವ ಒಬ್ಬ ಮುದುಕರು ಬರುತ್ತಾರೆ. ಒಂದು ಕೈಯಲ್ಲಿ ಕೆಂಡದ ಪಾತ್ರೆ, ಇನ್ನೊಂದರಲ್ಲಿ ನವಿಲುಗರಿಯ ಕಟ್ಟು. ಅಂಗಡಿಯಿಂದ ಅಂಗಡಿಗೆ ಹೋಗಿ ಹೊಗೆ ಹಾಕಿ, ಗಲ್ಲಾದ ಮೇಲೆ ಗರಿ ಆಡಿಸಿ ಮುಂದಕ್ಕೆ ಹೋಗುತ್ತಾರೆ. ನನಗೆ ಆ ಹೊಗೆ ಅಂದರೆ ಕೆಮ್ಮು. ಅವರು ಬರುವುದು ಕಂಡರೆ ಸಾಮಾನ್ಯವಾಗಿ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಹೋದ ವಾರ ಬೇರಿಂಗ್ ಕೊಳ್ಳಲು ಹೋದಾಗ ಅವರು ಲೋಬಾನದ ಜೊತೆ ಯಾವ ಮರದ ಚಕ್ಕೆ ಹಾಕಿದ್ದರೋ ಗೊತ್ತಿಲ್ಲ, ಆ ವಾಸನೆ ಮೂಗಿಗೆ ಬಿದ್ದದ್ದೇ ನಾನು ಅಂಗಡಿಯ ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಅಂಗಡಿಯವನು "ಯಾವ ಸೈಜ್ ಬೇಕು ಸಾರ್?" ಎಂದು ಮತ್ತೆ ಮತ್ತೆ ಕೇಳುತ್ತಿದ್ದ.

ಅದು ಲೇಹ್‌ನ ವಾಸನೆ. ಅಲ್ಲಿ ನಾವು ಉಳಿದುಕೊಂಡಿದ್ದ ಸ್ಟಾನ್‌ಜಿನ್ ಅವರ ಮನೆಯಲ್ಲಿ, ಅವರ ತಾಯಿ ಬೆಳಗ್ಗೆ ಎದ್ದ ಕೂಡಲೇ ಬೆಟ್ಟದ ಯಾವುದೋ ಗಿಡದ ಒಣ ಎಲೆಯನ್ನು ಕೆಂಡದ ಮೇಲೆ ಉದುರಿಸಿ, ಹೊಗೆಯನ್ನು ಕೋಣೆ ಕೋಣೆಗೂ ಹಿಡಿದುಕೊಂಡು ಹೋಗುತ್ತಿದ್ದರು. ಚಳಿಗೆ ಹೆದರಿ ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿರುತ್ತಿದ್ದರಿಂದ ಆ ವಾಸನೆಗೆ ಹೊರಗೆ ಹೋಗಲು ದಾರಿಯಿರಲಿಲ್ಲ. ನಮಗೂ ಇರಲಿಲ್ಲ.

ಇಂದಿರಾನಗರದ ಸಿಗ್ನಲ್‌ನಲ್ಲಿ ಬಣ್ಣ ಬಣ್ಣದ ಪುಟ್ಟ ಬಾವುಟಗಳನ್ನು ಕಟ್ಟಿಕೊಂಡ ಬೈಕುಗಳು ಪಕ್ಕಕ್ಕೆ ಬಂದು ನಿಂತರೆ ನನಗೆ ಒಳಗೊಳಗೇ ರೇಗುತ್ತದೆ. "ಲಡಾಖ್ ಹೋಗ್ಬಂದ್ಮೇಲೆ ಲೈಫೇ ಚೇಂಜ್ ಆಗೋಯ್ತು ಗುರು" ಎನ್ನುವವರು ನಮ್ಮ ಲಿಫ್ಟುಗಳಲ್ಲಿ ದಿನಕ್ಕೊಬ್ಬರಾದರೂ ಮೇಲೆ ಕೆಳಗೆ ಹೋಗುತ್ತಿರುತ್ತಾರೆ. ಬೇಸಿಗೆಯಲ್ಲಿ ಹೋಗಿ, ನೀಲಿ ಕೆರೆಯ ಮುಂದೆ ಫೋಟೋ ತೆಗೆಸಿಕೊಂಡು, ವಾರದೊಳಗೆ ವಾಪಸು ಬರುವ ಪುಣ್ಯವಂತರು. ಅವರಿಗೆ ಶಾಂತಿ ಸಿಕ್ಕಿರಬಹುದು, ನಾನು ಬೇಡ ಅನ್ನುವುದಿಲ್ಲ. ನಾನು ಹೋದದ್ದು ಕೂಲಿಗೆ. ಹೋದವನು ಸಿಕ್ಕಿಹಾಕಿಕೊಂಡೆ.

ನನ್ನದು ಲಿಫ್ಟ್ ಕೂರಿಸುವ ಕೆಲಸ. ದೊಡ್ಡನೆಕ್ಕುಂದಿಯಲ್ಲಿ ಒಂದು ಶೆಡ್ಡು, ಅದರೊಳಗೆ ನಮ್ಮ ಚಿಕ್ಕ ಕಂಪನಿ. ಲೇಹ್‌ನಲ್ಲಿ ಸ್ಟಾನ್‌ಜಿನ್ ನಾಲ್ಕು ಅಂತಸ್ತಿನ ಗೆಸ್ಟ್ ಹೌಸ್ ಕಟ್ಟಿಸಿದ್ದರು, ಅವರ ವಾಸವೂ ಅದರಲ್ಲೇ. ಅಲ್ಲಿನ ಪದ್ಧತಿಯಂತೆ ದೇವರ ಕೋಣೆ ಮನೆಯ ತುತ್ತತುದಿಯಲ್ಲಿರಬೇಕು. ಅವರ ತಾಯಿಗೆ ಎರಡೂ ಮಂಡಿ ಹೋಗಿದ್ದವು. ಆದರೂ ಆಕೆ ದಿನಾ ಬೆಳಗ್ಗೆ ನೀರಿನ ತಂಬಿಗೆ ಹಿಡಿದು, ಗೋಡೆಗೆ ಒರಗುತ್ತಾ, ಕೂತು ಕೂತು ಏಳುತ್ತಾ, ಮೇಲೆ ಹತ್ತಿ ಬುದ್ಧನ ಮುಂದಿನ ಬಟ್ಟಲುಗಳಿಗೆ ನೀರು ತುಂಬಿ ಬರಬೇಕಿತ್ತು. ಅದನ್ನು ನೋಡಲಾರದೆ ಮಗ ಲಿಫ್ಟ್ ಹಾಕಿಸಲು ಹೊರಟಿದ್ದರು. ಅಲ್ಲಿ ಅಜ್ಜಿಯನ್ನು ಅಬಿ-ಲೇ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯುತ್ತಿದ್ದೆವು.

ಜೊತೆಗೆ ಹೊರಟವನು ಫ್ರೇಜರ್ ಟೌನ್‌ನ ನಯಾಜ್. ವೈರಿಂಗ್ ಅವನದು, ಮೆಕ್ಯಾನಿಕಲ್ ನನ್ನದು. ಹತ್ತಾರು ವರ್ಷ ಒಂದೇ ಲಿಫ್ಟ್ ಗುಂಡಿಯೊಳಗೆ ಇಳಿದು ಒಂದೇ ಟಾರ್ಚಿನ ಬೆಳಕಿನಲ್ಲಿ ಕೆಲಸ ಮಾಡಿದವರು ನಾವು. ಅವನ ಬಾಯಿ ಬೊಂಬಾಯಿ. ಅವನ ದಖ್ನಿ ಉರ್ದು ಕೇಳಿ ಲೇಹ್‌ನವರು ಬಿದ್ದು ಬಿದ್ದು ನಗುತ್ತಿದ್ದರು, ಅವನು ಇನ್ನಷ್ಟು ಎಳೆದು ಮಾತಾಡುತ್ತಿದ್ದ.

ಹೊರಡುವ ಮುಂಚೆ ಅಕ್ಕ ತಡೆದಿದ್ದಳು. ಕೆ.ಆರ್. ಪುರದ ನಮ್ಮ ಮನೆಯಲ್ಲಿ ನಾನು, ಅಕ್ಕ, ಅವಳ ಮಗಳು ಚೈತ್ರ, ಮೂವರೇ. ಭಾವ ತೀರಿಕೊಂಡಾಗ ಚೈತ್ರ ತೊಟ್ಟಿಲಲ್ಲಿದ್ದಳು. ಅವಳನ್ನು ಸಾಕಿದ್ದರಲ್ಲಿ ನನ್ನ ಪಾಲೂ ಇದೆ. ಅವಳಿಗೆ ಮಾಘದಲ್ಲಿ ಮದುವೆ ನಿಶ್ಚಯವಾಗಿತ್ತು. ನಮ್ಮಲ್ಲಿ ಮದುವೆಯ ಹೆಣ್ಣನ್ನು ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅಪ್ಪನ ಜಾಗಕ್ಕೆ ಚಿಕ್ಕಪ್ಪನನ್ನೋ ದೊಡ್ಡಪ್ಪನನ್ನೋ ಕೂರಿಸಬಹುದು, ಈ ಕೆಲಸ ಮಾತ್ರ ತಾಯಿಯ ತಮ್ಮನದು. ಅಕ್ಕನಿಗೆ ಇರುವವನು ನಾನೊಬ್ಬನೇ.

"ಕಾರ್ತೀಕ ಮುಗಿಯೋದ್ರೊಳಗೆ ಬಂದ್ಬಿಡ್ತೀನಿ ಕಣಕ್ಕ" ಎಂದೆ.

"ನೀನು ಬರ್ತೀಯ, ಆ ಬೆಟ್ಟ ಬಿಡ್ಬೇಕಲ್ಲ" ಎಂದಳು ಅಕ್ಕ.

ಚೈತ್ರ ಮಾತ್ರ ನಗುತ್ತಾ, "ಹೋಗ್ಬಾ ಮಾವ. ಮದ್ವೆ ದಿನ ಕಪ್ಪಗೆ ಸುಟ್ಕೊಂಡು ಬಂದ್ರೆ ಫೋಟೋದಲ್ಲಿ ನಾನೇ ಬೆಳ್ಳಗೆ ಕಾಣ್ತೀನಿ" ಎಂದು ಕಳಿಸಿಕೊಟ್ಟಳು.

ಮೊದಲ ಕೆಲವು ದಿನ ಉಸಿರೇ ದಕ್ಕಲಿಲ್ಲ. ಒಂದು ಸ್ಪ್ಯಾನರ್ ಎತ್ತಿದರೆ ಕೂತು ಸುಧಾರಿಸಿಕೊಳ್ಳಬೇಕು. ಸುತ್ತಲೂ ಹಸಿರಿನ ಹೆಸರಿಲ್ಲದ ಬೆಟ್ಟಗಳು, ಅವುಗಳ ಹಿಂದೆ ಹಿಮದ ಬೆಟ್ಟಗಳು, ಯಾವ ಕಡೆ ತಿರುಗಿದರೂ ಬೆಟ್ಟ. ನೋಡಲು ಚೆಂದವೇ. ಆದರೆ ನನಗೆ ಮೊದಲ ದಿನವೇ ಅನ್ನಿಸಿತು, ಈ ಊರು ಲಿಫ್ಟ್ ಗುಂಡಿಯ ತಳದಲ್ಲಿದೆ ಎಂದು. ನಯಾಜ್‌ಗೆ ಹೇಳಿದರೆ, "ಮೇಲೆ ಆಕಾಶ ಕಾಣುತ್ತಲ್ಲ ಮುನಿ ಭಾಯ್, ನಮ್ ಗುಂಡೀಲಿ ಅದೂ ಕಾಣಲ್ಲ" ಎಂದು ಸಮಾಧಾನ ಮಾಡಿದ.

ಕೆಲಸ ಚುರುಕಾಗಿಯೇ ನಡೆಯಿತು. ಕಣಿವೆಯ ದಾರಿ ಮುಚ್ಚುವ ಮುಂಚಿನ ಕೊನೆಯ ಲಾರಿಗಳಲ್ಲಿ ನಮ್ಮ ಮೋಟರು ಬಂದಿಳಿಯಿತು. ಅದನ್ನು ಕೂರಿಸಲು ಮೇಲಿನ ಮೆಷಿನ್ ರೂಮಿನಲ್ಲಿ ಕಾಂಕ್ರೀಟಿನ ಕಟ್ಟೆ ಹಾಕಬೇಕಿತ್ತು. ಬಿಹಾರದ ಗಾರೆಯವರು ಒಂದು ಮಧ್ಯಾಹ್ನ ಅದನ್ನು ಸುರಿದು, ಮೇಲೆ ಹುಲ್ಲು ಹೊದಿಸಿ, ಕೈ ತೊಳೆದುಕೊಂಡು ಊರಿನ ಬಸ್ಸು ಹತ್ತಿದರು. ಚಳಿಗಾಲದಲ್ಲಿ ಅಲ್ಲಿ ಯಾರೂ ಕಟ್ಟಡದ ಕೆಲಸಕ್ಕೆ ನಿಲ್ಲುವುದಿಲ್ಲ.

ಬೆಂಗಳೂರಿನಲ್ಲಿ ಬೆಳೆದವನಿಗೆ ಹೊಸ ಕಾಂಕ್ರೀಟು ಒಣಗಿ ನಿಂತಿರುವುದನ್ನು ನೋಡಲಾಗುವುದಿಲ್ಲ. ಮನೆ ಕಟ್ಟುವ ಜಾಗದಲ್ಲಿ ಬೆಳಗ್ಗೆ ಸಂಜೆ ಪೈಪು ಹಿಡಿದು ನೀರು ಹೊಡೆಯುವುದನ್ನು ನೋಡುತ್ತಲೇ ದೊಡ್ಡವರಾದವರು ನಾವು. ನೀರು ಕುಡಿದಷ್ಟೂ ಗಟ್ಟಿ ಎಂಬುದು ನಮ್ಮ ಕೈಗೇ ಗೊತ್ತು, ತಲೆಯನ್ನು ಕೇಳಬೇಕಾಗಿಲ್ಲ. ಹುಲ್ಲು ಸರಿಸಿ ನೋಡಿದೆ, ಕಟ್ಟೆ ಒಣಗಿ ಬಿಳಿಚಿಕೊಂಡಿತ್ತು. ಛೇ, ಎಂಥ ಗಾರೆಯವರು, ನೀರು ಕಾಣಿಸದೆ ಹೋಗಿದ್ದಾರಲ್ಲ ಎಂದು ಬೈದುಕೊಂಡು, ಕೆಳಗಿನಿಂದ ಬಕೆಟ್ಟುಗಳಲ್ಲಿ ನೀರು ಹೊತ್ತು, ಏದುಸಿರು ಬಿಡುತ್ತಾ ನಾಲ್ಕು ಅಂತಸ್ತು ಹತ್ತಿ ಧಾರಾಳವಾಗಿ ಸುರಿದೆ. ನಾನು ಸುರಿದದ್ದು ಸಂಜೆ. ನನಗೆ ಗೊತ್ತಿಲ್ಲದೆ ನಯಾಜ್ ಬೆಳಗ್ಗೆಯೇ ಸುರಿದಿದ್ದ. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ, ಒಳ್ಳೆಯ ಕೆಲಸ ಮಾಡಿದ ತೃಪ್ತಿಯಲ್ಲಿ ಮರುದಿನವೂ ಸುರಿದೆವು. ಮೆಟ್ಟಿಲ ಮೇಲೆ ಕೂತಿದ್ದ ಅಬಿ-ಲೇ ಇದನ್ನೆಲ್ಲ ನೋಡಿ ಕೈ ಮುಗಿದರು. ಆಕೆ ದಿನಾ ಬುದ್ಧನಿಗೆ ನೀರಿಡುವವರು. ನಾವೂ ನಮ್ಮ ಯಂತ್ರದ ದೇವರಿಗೆ ನೀರು ಅರ್ಪಿಸುತ್ತಿದ್ದೇವೆ ಎಂದುಕೊಂಡಿದ್ದರಂತೆ.

ಆಮೇಲೆ ಹುಲ್ಲು ತೆಗೆದು ನೋಡಿದರೆ ಕಟ್ಟೆಯ ಮೈಯೆಲ್ಲ ಬಿರುಕು. ಹೊಯ್ದ ನೀರು ಒಳಗೇ ಹೆಪ್ಪುಗಟ್ಟಿ, ಉಬ್ಬಿ, ಒಳಗಿನಿಂದ ಸೀಳಿತ್ತು. ಸ್ಕ್ರೂಡ್ರೈವರ್ ಊರಿದೆ, ರವೆ ಉಂಡೆಯಂತೆ ಪುಡಿಪುಡಿಯಾಗಿ ಉದುರಿತು. ನಾನು ನಯಾಜ್‌ನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ.

"ನೀನು ಹಾಕಿದ್ಯೇನೋ ನೀರು?"

"ಹಾಕ್ದೆ ಇರಕ್ಕಾಗುತ್ತಾ ಭಾಯ್? ಹೊಸಾ ಕಾಂಕ್ರೀಟು!"

ಸ್ಟಾನ್‌ಜಿನ್ ಬಂದು ನೋಡಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನೆಲದ ಮೇಲೆ ಕೂತು ಗಟ್ಟಿಯಾಗಿ ನಕ್ಕರು, ಆಮೇಲೆ ಅದನ್ನು ತಾಯಿಗೆ ಲಡಾಖಿಯಲ್ಲಿ ವಿವರಿಸಿದರು, ಆಕೆಯೂ ನಕ್ಕರು. ನಾನು ಮಾತ್ರ ದಿನ ಎಣಿಸತೊಡಗಿದೆ. ಕಟ್ಟೆಯಿಲ್ಲದೆ ಮೋಟರಿಲ್ಲ, ಮೋಟರಿಲ್ಲದೆ ಲಿಫ್ಟಿಲ್ಲ. ಗಾರೆಯವರಿಲ್ಲ. ಕಾರ್ತೀಕ ಕಳೆಯುತ್ತಾ ಬಂದಿತ್ತು.

ಒಡೆದು ತೆಗೆದದ್ದು ನಾವೇ, ಮತ್ತೆ ಕಲಸಿದ್ದೂ ನಾವೇ. ಮರಳನ್ನು ತಗಡಿನ ಮೇಲೆ ಹುರಿದು, ನೀರನ್ನು ಕಾಯಿಸಿ, ಕಲಸಿ ಸುರಿದು, ಮೆಷಿನ್ ರೂಮಿನೊಳಗೆ ಬುಖಾರಿ ಇಟ್ಟೆವು. ಬುಖಾರಿ ಎಂದರೆ ಕಟ್ಟಿಗೆ, ಸಗಣಿ ಬೆರಣಿ ಉರಿಸುವ ತಗಡಿನ ಒಲೆ. ಅದು ಆರದಂತೆ ವಾರಗಟ್ಟಲೆ ಸರದಿ ಮೇಲೆ ಕಾದೆವು. ಬಾಣಂತಿ ಕೋಣೆಯ ಹಾಗೆ ಬಾಗಿಲು ಕಿಟಕಿ ಮುಚ್ಚಿ, ಕಾಂಕ್ರೀಟಿಗೆ ಕಂಬಳಿ ಹೊದಿಸಿ ಕೂತಿದ್ದ ಆ ದಿನಗಳನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಚಳಿಗಾಲ ಪೂರ್ತಿ ಇಳಿಯಿತು. ನಲ್ಲಿಗಳು ಸತ್ತವು. ಮನೆಯಲ್ಲಿ ಬೆಚ್ಚಗಿನ ಕೋಣೆ ಒಂದೇ. ಅಡಿಗೆ, ಊಟ, ಮಾತು, ನಿದ್ದೆ ಎಲ್ಲ ಅಲ್ಲೇ. ನನಗೆ ಒಬ್ಬನೇ ಇರಬೇಕೆನಿಸಿದರೆ ಕಕ್ಕಸಿಗೆ ಹೋಗಬೇಕು, ಅಲ್ಲಿ ಹೆಚ್ಚು ಹೊತ್ತು ಕೂರಲು ಚಳಿ ಬಿಡದು. ಮೇಲಾಗಿ ಅಬಿ-ಲೇಯ ಬೆಣ್ಣೆ ಚಹಾ. ಉಪ್ಪು ಹಾಕಿ, ಬೆಣ್ಣೆ ಹಾಕಿ ಕಡೆದ ಆ ಚಹಾ ನಾಲಿಗೆಗೆ ಹತ್ತಲಿಲ್ಲ. ಕೊಟ್ಟದ್ದನ್ನು ಚೆಲ್ಲಬಾರದು, ಲೋಟದಲ್ಲಿ ಉಳಿಸಬಾರದು ಎಂದು ನಮ್ಮಮ್ಮ ಹೊಡೆದು ಕಲಿಸಿದ್ದಳು. ಮೂಗು ಹಿಡಿದು ಖಾಲಿ ಮಾಡುತ್ತಿದ್ದೆ. ಖಾಲಿಯಾದರೆ ಅಲ್ಲಿ ತಕ್ಷಣ ತುಂಬಿಸುತ್ತಾರೆ. ಸಾಕಾದವರು ಬಟ್ಟಲನ್ನು ತುಂಬಿದ ಹಾಗೇ ಬಿಡಬೇಕಂತೆ. ಇದು ಗೊತ್ತಾಗುವ ಹೊತ್ತಿಗೆ ನಾನು ಒಂದು ಹಸುವಿನ ಬೆಣ್ಣೆಯನ್ನಾದರೂ ಕುಡಿದು ಮುಗಿಸಿದ್ದೆ.

ಸಿಡುಕ ನಾನು ಮೊದಲಿನಿಂದಲೂ. ಅಲ್ಲಿ ಇನ್ನೂ ಸಿಡುಕನಾದೆ. ನಯಾಜ್ ಹಾಡಿದರೆ ರೇಗಿದೆ, ಸ್ಟಾನ್‌ಜಿನ್ ನಕ್ಕರೆ ರೇಗಿದೆ. ಲಿಫ್ಟ್ ಕೆಟ್ಟು ಒಳಗೆ ಸಿಕ್ಕಿಕೊಂಡವರಿಗೆ ನಾವು ಬಾಗಿಲಾಚೆಯಿಂದ ಹೇಳುವುದು ಒಂದೇ ಮಾತು: ಗಾಬರಿಯಾಗ್ಬೇಡಿ, ಬರ್ತಾ ಇದೀವಿ. ವರ್ಷಗಟ್ಟಲೆ ಅದನ್ನು ಎಷ್ಟು ಸಲೀಸಾಗಿ ಹೇಳಿದ್ದೆ. ಬಿಡಿಸಿದ ಮೇಲೆ ಒಬ್ಬ ಹೆಂಗಸು ಒಮ್ಮೆ ನನಗೆ ಹೇಳಿದ್ದರು, ಕತ್ತಲೆಗಿಂತ ಹೆಚ್ಚು ಸಂಕಟವಾದದ್ದು ಹೊರಗೆ ಜನ ಆರಾಮಾಗಿ ಓಡಾಡುವ ಸಪ್ಪಳ ಕೇಳಿದಾಗ ಎಂದು. ಮನೆಗೆ ಫೋನ್ ಮಾಡಿದಾಗಲೆಲ್ಲ ನನಗೆ ಆ ಮಾತು ಅರ್ಥವಾಗುತ್ತಿತ್ತು. ಹಿಂದಿನಿಂದ ಕುಕ್ಕರ್ ಕೂಗುತ್ತಿತ್ತು, ಸೀರೆ ಆರಿಸುವ ಹೆಂಗಸರ ನಗು ಕೇಳುತ್ತಿತ್ತು, ಅಕ್ಕ ಯಾರಿಗೋ ಚಪ್ಪರದ ತೆಂಗಿನ ಗರಿ ಎಲ್ಲಿ ತರಬೇಕೆಂದು ಹೇಳುತ್ತಿದ್ದಳು. ಆ ಗರಿ ತರಬೇಕಾದವನು ನಾನು.

ಕೊನೆಗೂ ಕಟ್ಟೆ ಗಟ್ಟಿಯಾಯಿತು, ಮೋಟರು ಕೂತಿತು, ಲಿಫ್ಟ್ ಓಡಿತು. ಅಬಿ-ಲೇಯನ್ನು ಸ್ಟೂಲಿನ ಮೇಲೆ ಕೂರಿಸಿ, ತೊಡೆಯ ಮೇಲೆ ನೀರಿನ ತಂಬಿಗೆ ಇಟ್ಟು ಮೇಲಕ್ಕೆ ಕರೆದೊಯ್ದೆವು. ತಂಬಿಗೆಯ ನೀರು ಒಂದು ಹನಿ ತುಳುಕಲಿಲ್ಲ. ದೇವರ ಕೋಣೆಯ ಮುಂದೆ ಬಾಗಿಲು ತೆರೆದಾಗ ಆಕೆ ಇಳಿದು ಬುದ್ಧನ ಮುಂದಿನ ಬಟ್ಟಲುಗಳಿಗೆ ನೀರು ತುಂಬತೊಡಗಿದರು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಮದುವೆಗೆ ಇನ್ನೂ ಸಾಕಷ್ಟು ಸಮಯವಿತ್ತು. ವಿಮಾನದ ಟಿಕೆಟ್ಟೂ ಆಯಿತು. ಅಕ್ಕನಿಗೆ ಫೋನ್ ಮಾಡಿ, "ಗರಿ ನಾನೇ ತರ್ತೀನಿ, ಬೇರೆ ಯಾರಿಗೂ ಹೇಳ್ಬೇಡ" ಎಂದು ಜೋರಾಗಿಯೇ ಹೇಳಿದೆ.

ಹೊರಡುವ ದಿನ ಬೆಳಗ್ಗೆ ಹಿಮ ಬೀಳಲು ಶುರುವಾಯಿತು. ಲೇಹ್‌ನಲ್ಲಿ ವಿಮಾನ ಬೆಳಗ್ಗೆಯಷ್ಟೇ, ಅದೂ ಬೆಟ್ಟ ಕಂಡರೆ ಮಾತ್ರ. ಬ್ಯಾಗು ಹೊತ್ತು ಹೋಗಿ, ಸಾಲಿನಲ್ಲಿ ನಿಂತು, ಇವತ್ತಿಲ್ಲ ಎನಿಸಿಕೊಂಡು ವಾಪಸು ಬಂದೆವು. ಮರುದಿನವೂ ಅಷ್ಟೆ. ಅದರ ಮರುದಿನವೂ. ರಸ್ತೆಯ ದಾರಿ ಹಿಮದಡಿಯಲ್ಲಿ ಎಂದೋ ಹೋಗಿತ್ತು. ಸ್ಟಾನ್‌ಜಿನ್ ದಿನಾ ತಮ್ಮ ಜೀಪಿನಲ್ಲಿ ಬಿಟ್ಟು, ಹೊರಗೇ ಕಾದು, ವಾಪಸು ಕರೆತರುತ್ತಿದ್ದರು. "ಕಲ್ ದೇಖೇಂಗೆ" ಎನ್ನುತ್ತಿದ್ದರು. ಒಂದು ದಿನ ನನಗೆ ತಡೆಯಲಾಗಲಿಲ್ಲ. "ನಾಳೆ ನಾಳೆ ಅಂತ ಎಷ್ಟು ದಿನ ರೀ! ನಿಮ್ಮೂರಲ್ಲಿ ಮನುಷ್ಯ ಹೊರಗೆ ಹೋಗೋದೇ ಬೇಡ್ವಾ?" ಎಂದು ಕನ್ನಡದಲ್ಲೇ ಕಿರುಚಿಬಿಟ್ಟೆ. ಅವರಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ಜೀಪನ್ನು ಮನೆಯ ಕಡೆಗೆ ಓಡಿಸಿದರು. ನಯಾಜ್ ಮನೆಗೆ ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಅವ್ರ ಮೇಲೆ ಯಾಕೆ ಗುಸ್ಸಾ ಮಾಡ್ತೀರ ಭಾಯ್? ನೀರು ಹಾಕಿದ್ದು ನಾವು" ಎಂದ.

ಫೋನಿನಲ್ಲಿ ಚೈತ್ರ ಅಳಲಿಲ್ಲ, ಬೈಯಲಿಲ್ಲ. ದಿನಾ ಒಂದೇ ಪ್ರಶ್ನೆ. "ಹಿಮ ನಿಂತ್ತಾ ಮಾವ?"

"ಇಲ್ಲ ಕಂದ. ನಾಳೆ ನಿಲ್ಬೋದು" ಎನ್ನುತ್ತಿದ್ದೆ. ಸ್ಟಾನ್‌ಜಿನ್ ಅವರ ಮಾತೇ ನನ್ನ ಬಾಯಲ್ಲೂ ಬರುತ್ತಿತ್ತು.

ಮದುವೆಗೆ ಎರಡು ದಿನ ಉಳಿದಾಗ ಅಕ್ಕ ಹೇಳಿದಳು, "ಎಲ್ಲಾರೂ ಸೇರಿ ಮಾತಾಡಿದ್ವಿ ಮುನಿ. ಬಾಣಸವಾಡಿ ದೊಡ್ಡಪ್ಪನ ಮಗ ಇದಾನಲ್ಲ, ಆನಂದ. ಅವನೂ ಸೋದರಮಾವನೇ ಆಗ್ಬೇಕು. ಅವನು ಕರ್ಕೊಂಡ್ ಬರ್ಲಿ ಅಂತ. ನೀನು ಬೇಜಾರು ಮಾಡ್ಕೋಬೇಡಪ್ಪ. ಮುಹೂರ್ತ ಯಾರಿಗೂ ಕಾಯಲ್ಲ."

"ಕರ್ಕೊಂಡ್ ಬರ್ಲಿ ಬಿಡು" ಎಂದೆ. ಆನಂದ ಒಳ್ಳೆಯವನೇ, ಆದರೆ ಅವನಿಗೆ ಚೈತ್ರ ಯಾವ ಕಾಲೇಜಿನಲ್ಲಿ ಓದಿದಳು ಎಂಬುದೂ ಗೊತ್ತಿಲ್ಲ. ಅವನು ಜರಿ ಪಂಚೆ ಉಟ್ಟು, ಪೇಟ ಕಟ್ಟಿಕೊಂಡು ನನ್ನ ಹುಡುಗಿಯನ್ನು ಕರೆತರುವುದನ್ನು ನೆನೆಸಿಕೊಂಡು ನಾನು ಆ ಬೆಚ್ಚಗಿನ ಕೋಣೆಯಿಂದ ಎದ್ದು ಹೋಗಿ, ಹಿಮ ಬೀಳುತ್ತಿದ್ದ ಅಂಗಳದಲ್ಲಿ ನಿಂತೆ. ಕಿರುಚಿದರೂ ಆ ಹಿಮದಲ್ಲಿ ಧ್ವನಿ ಎಲ್ಲೂ ಹೋಗುತ್ತಿರಲಿಲ್ಲ.

ಮದುವೆಯ ದಿನವೂ ವಿಮಾನವಿಲ್ಲ. ಆದರೆ ನೆಟ್‌ವರ್ಕ್ ಅಂಥ ಚೆನ್ನಾಗಿ ಯಾವತ್ತೂ ಇರಲಿಲ್ಲ. ಕೆ.ಆರ್. ಪುರದ ಛತ್ರದಲ್ಲಿ ಪಕ್ಕದ ಮನೆಯ ಹುಡುಗಿಯೊಬ್ಬಳು ಫೋನ್ ಹಿಡಿದು ವಿಡಿಯೋ ಕಾಲ್ ಮಾಡಿದಳು. ನಯಾಜ್ ನಮ್ಮ ಫೋನನ್ನು ಚಹಾದ ಕೆಟಲಿಗೆ ಒರಗಿಸಿ ನಿಲ್ಲಿಸಿದ. ನಾನು, ನಯಾಜ್, ಸ್ಟಾನ್‌ಜಿನ್ ಬುಖಾರಿಯ ಸುತ್ತ ಕೂತೆವು. ಲಡಾಖಿಗಳಲ್ಲೂ ತಾಯಿಯ ತಮ್ಮನಿಗೆ ಮದುವೆಯಲ್ಲಿ ದೊಡ್ಡ ಜಾಗವಂತೆ. ಅಬಿ-ಲೇ ಪೆಟ್ಟಿಗೆಯಿಂದ ಬಿಳಿಯ ರೇಷ್ಮೆ ವಸ್ತ್ರವೊಂದನ್ನು ತೆಗೆದು ನನ್ನ ಕೊರಳಿಗೆ ಹಾಕಿದರು. ಸ್ವೆಟರ್ ಮೇಲೆ ಜಾಕೆಟ್, ಅದರ ಮೇಲೆ ಆ ವಸ್ತ್ರ, ತಲೆಗೆ ಮಂಕಿ ಟೋಪಿ. ಅದು ನನ್ನ ಮದುವೆಮನೆಯ ವೇಷ.

ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು, ಅದೇ ನೋವು. ಬಾಳೆಕಂಬ ಕಾಣುತ್ತಿತ್ತು. ಅಕ್ಕನ ಕೆಂಪು ಸೀರೆ ಕಾಣುತ್ತಿತ್ತು. ಆನಂದ ಪೇಟ ಸರಿಮಾಡಿಕೊಂಡು ನಿಂತಿದ್ದ. ಪುರೋಹಿತರು, "ಸೋದರಮಾವ ಎಲ್ರೀ? ಹುಡುಗೀನ ಕರ್ಕೊಂಡ್ ಬನ್ನಿ, ಹೊತ್ತಾಯ್ತು" ಎಂದು ಕೂಗಿದರು. ಕೋಣೆಯ ಬಾಗಿಲು ತೆರೆಯಿತು. ಚೈತ್ರ ಹೊರಗೆ ಬಂದಳು. ದಂಡೆ, ಬಾಸಿಂಗ, ಮೈತುಂಬ ಸೀರೆ. ಒಂದು ಕ್ಷಣ ನನಗೆ ಗುರುತೇ ಸಿಗಲಿಲ್ಲ. ಆನಂದ ಮುಂದೆ ಬಂದು ಕೈ ಚಾಚಿದ.

ಅವಳು ಅವನಿಗೆ ಏನೋ ಹೇಳಿದಳು. ಅವನು ಪಕ್ಕಕ್ಕೆ ಸರಿದ. ಅವಳು ನೇರವಾಗಿ ನಮ್ಮ ಕಡೆಗೇ ಬಂದಳು, ಮುಖ ದೊಡ್ಡದಾಗುತ್ತಾ ಬಂತು. ನಂತರ ಚಿತ್ರ ತಿರುಗಿತು. ಫ್ಯಾನು, ಹೂವಿನ ಸರ, ಯಾರದೋ ಸೆರಗು, ಬಳೆಗಳು. ಆಮೇಲೆ ಪರದೆ ಕತ್ತಲಾಯಿತು. ಪೂರ್ತಿ ಕಪ್ಪಲ್ಲ, ಅಂಚಿನಲ್ಲಿ ಸ್ವಲ್ಪ ಕೆಂಪು. ಅವಳ ಅಂಗೈ.

ಸದ್ದು ಮಾತ್ರ ಬರುತ್ತಿತ್ತು. ಓಲಗ ಜೋರಾಯಿತು. ಅಕ್ಕನ ಧ್ವನಿ ಹತ್ತಿರದಿಂದ ಕೇಳಿಸಿತು, "ಫೋನ್ ಯಾಕೆ ಕೈಯಲ್ಲಿ? ಕೊಡೇ ಇಲ್ಲಿ." ಚೈತ್ರ ಕೊಡಲಿಲ್ಲ ಎಂದು ತಿಳಿಯಿತು, ಯಾಕೆಂದರೆ ಪರದೆಯ ಅಂಚಿನ ಕೆಂಪೂ ಹೋಗಿ ಹಿಡಿತ ಇನ್ನಷ್ಟು ಬಿಗಿಯಾಯಿತು. ಬಳೆಗಳ ಸದ್ದು, ಕಾಲ್ಗೆಜ್ಜೆಯ ಸದ್ದು, ಒಂದು ಹೆಜ್ಜೆ, ಸ್ವಲ್ಪ ತಡೆದು ಇನ್ನೊಂದು.

ನಯಾಜ್ ಕೆಟಲಿನ ಹತ್ತಿರ ಬಗ್ಗಿ ನೋಡಿದ. "ಏನೂ ಕಾಣ್ತಿಲ್ವಲ್ಲ ಮುನಿ ಭಾಯ್. ಕಟ್ ಮಾಡಿ ಮತ್ತೆ ಹಾಕ್ಲಾ?"

"ಬೇಡ ಕಣೋ" ಎಂದೆ. "ನಡೀತಾ ಇದೀವಿ."